ಎಣಿಕೆ ಬಿಟ್ಟ ಮೇಲೆ ಸಿಕ್ಕ ಉಸಿರು: ಚೊಚ್ಚಲ ಹೆರಿಗೆಯ ಆರಂಭದ ಒಂದು ಪ್ರಕರಣ

ರಾತ್ರಿ ಒಂದೂವರೆಗೆ ಫೋನ್ ಬಂತು. ಆ ಕಡೆ ನನ್ನ ತರಗತಿಗೆ ಬರುತ್ತಿದ್ದ ಬಸುರಿಯೊಬ್ಬರ ಗಂಡ. "ಮೇಡಂ, ಇವಳಿಗೆ ಕೈಬೆರಳೆಲ್ಲ ಜೋಮು ಹಿಡಿದಿದೆ. ತುಟಿ ಸುತ್ತ ಮರಗಟ್ಟಿದ ಹಾಗಿದೆಯಂತೆ. ತಲೆ ಬೇರೆ ಸುತ್ತುತ್ತಿದೆ. ನೀವು ಹೇಳಿಕೊಟ್ಟ ಉಸಿರಾಟ ಸಂಜೆಯಿಂದ ಬಿಡದೆ ಮಾಡ್ತಾನೇ ಇದಾಳೆ."

ಆ ಕೊನೆಯ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಹಲವು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಈಗ ಬಸುರಿಯರಿಗೆ ಹೆರಿಗೆ ತಯಾರಿಯ ತರಗತಿ ನಡೆಸುತ್ತೇನೆ. ಉಸಿರಾಟ ಹೇಳಿಕೊಡುವುದು ಸುಲಭ ಅಂತಲೇ ಅಂದುಕೊಂಡಿದ್ದೆ. ಆ ಒಂದು ರಾತ್ರಿ ಮತ್ತು ಮರುದಿನ ನಾನು ಏನು ಹೇಳಿಕೊಡುತ್ತಿದ್ದೆ, ಏನು ಹೇಳದೆ ಬಿಡುತ್ತಿದ್ದೆ ಎಂಬುದು ಕಣ್ಣಿಗೆ ಕಟ್ಟಿತು. ಆಕೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.

ಹಿನ್ನೆಲೆ

ಆಕೆಗೆ ಇನ್ನೂ ಮೂವತ್ತು ಆಗಿರಲಿಲ್ಲ. ಚೊಚ್ಚಲ ಬಸಿರು. 39 ವಾರ ತುಂಬಿತ್ತು. ಬಿಪಿ, ಶುಗರ್ ಯಾವುದರ ತೊಂದರೆಯೂ ಇರಲಿಲ್ಲ. ಮಗುವಿನ ತಲೆ ಕೆಳಗೆ ಇತ್ತು. ಯಾವ ಕೆಲಸವನ್ನಾದರೂ ಮೊದಲೇ ಓದಿ, ಬರೆದುಕೊಂಡು, ತಯಾರಾಗಿ ಮಾಡುವ ಸ್ವಭಾವ. ತರಗತಿಯಲ್ಲಿ ಎಲ್ಲರಿಗಿಂತ ಮುಂದೆ ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಒಮ್ಮೆ ಮಾತ್ರ, ಎಲ್ಲರೂ ಹೊರಟ ಮೇಲೆ, ಬಾಗಿಲ ಹತ್ತಿರ ನಿಂತು ಹೇಳಿದರು: "ಮೇಡಂ, ನನಗೆ ನೋವಿನ ಭಯಕ್ಕಿಂತ ನಾನು ಕಿರುಚಿಬಿಡ್ತೀನೇನೋ ಅನ್ನೋ ಭಯ ಜಾಸ್ತಿ."

ನಾನು ಸಮಾಧಾನ ಹೇಳಿದೆ. ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು ಈಗ ಅನಿಸುತ್ತದೆ. ಉಸಿರಾಟವನ್ನು ಆಕೆ ಕಲಿತದ್ದೇ ಬಾಯಿ ಮುಚ್ಚಿಕೊಂಡಿರಲು, ಯಾರ ಮುಂದೆಯೂ ಕುಸಿಯದಿರಲು.

ನನ್ನ ತರಗತಿಯಲ್ಲಿ ಉಸಿರಾಟಕ್ಕೆ ಇದ್ದದ್ದು ಇಪ್ಪತ್ತು ನಿಮಿಷ. ಚಾಪೆ ಮೇಲೆ ಮಲಗಿ, ಕಣ್ಣು ಮುಚ್ಚಿ, 4 ಎಣಿಸುವಷ್ಟು ಹೊತ್ತು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಒಂದು ಹಾಳೆಯಲ್ಲಿ ಇದನ್ನೇ ಅಚ್ಚು ಹಾಕಿಸಿ ಕೊಟ್ಟಿದ್ದೆ. ಆಕೆ ಅದರ ಜೊತೆಗೆ ಎಲ್ಲೋ ಒಂದು ವಿಡಿಯೋ ನೋಡಿ 'ಹೀ-ಹೀ-ಹೂ' ಎಂದು ಬೇಗ ಬೇಗ ಬಿಡುವ ಉಸಿರನ್ನೂ ಕಲಿತಿದ್ದರು. ಇದು ಹೊಸದೇನಲ್ಲ. ಫ್ರಾನ್ಸಿನ ವೈದ್ಯ ಫರ್ನಾಂಡ್ ಲಮಾಜ್ 1951ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕಂಡ ಪದ್ಧತಿಯನ್ನು ತಮ್ಮಲ್ಲಿಗೆ ತಂದ ಮೇಲೆ ಇಂಥ ವೇಗದ ಉಸಿರಾಟ ಜಗತ್ತಿನ ಎಷ್ಟೋ ಕಡೆ ಹರಡಿತು. ಈಗ ಹೇಳಿಕೊಡುವವರು ಹೆಚ್ಚಾಗಿ ನಿಧಾನದ ಉಸಿರಿಗೇ ಒತ್ತು ಕೊಡುತ್ತಾರೆ. ವಿಡಿಯೋಗಳಲ್ಲಿ ಹಳೆಯದು ಹಾಗೇ ಉಳಿದಿದೆ.

ಮೊದಲ ರಾತ್ರಿ

ನೋವು ಶುರುವಾದದ್ದು ಸಂಜೆ ಆರಕ್ಕೆ. ಹನ್ನೆರಡು, ಹದಿನೈದು ನಿಮಿಷಕ್ಕೊಮ್ಮೆ ಬರುತ್ತಿತ್ತು, ಅರ್ಧ ನಿಮಿಷ ಇರುತ್ತಿತ್ತು. ಮುಟ್ಟಿನ ಹೊಟ್ಟೆನೋವಿನ ಹಾಗೆ, ಸೊಂಟದಿಂದ ಮುಂದಕ್ಕೆ. ಮಾತಾಡುತ್ತಾ, ಓಡಾಡುತ್ತಾ ತಡೆದುಕೊಳ್ಳಬಹುದಾದಷ್ಟು.

ಆದರೆ ಆಕೆ ಮೊದಲ ನೋವಿನಿಂದಲೇ ಉಸಿರಾಟ ಶುರು ಮಾಡಿದರು. ನೋವು ಬಂದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು, ನಿಂತು, ಕಣ್ಣು ಮುಚ್ಚಿ, ಎಣಿಸಿ. ಗಂಡ ಫೋನಿನಲ್ಲಿ ಪ್ರತಿ ನೋವಿನ ಸಮಯ ಗುರುತು ಹಾಕುತ್ತಿದ್ದರು. ಅಮ್ಮ ಎದುರು ಕೂತು ಮಗಳ ಮುಖವನ್ನೇ ನೋಡುತ್ತಿದ್ದರು. ರಾತ್ರಿ ಹನ್ನೆರಡರ ಹೊತ್ತಿಗೆ ಆರು ಗಂಟೆ ಹೀಗೇ ಕಳೆದಿತ್ತು. ಯಾರೂ ಮಲಗಿರಲಿಲ್ಲ. ಆಮೇಲೆ ನೋವು ಸ್ವಲ್ಪ ಜೋರಾಯಿತು. 4-6ರ ಎಣಿಕೆ ಅದಕ್ಕೆ ಹೊಂದಲಿಲ್ಲ. ಆಕೆ 'ಹೀ-ಹೀ'ಗೆ ಜಿಗಿದರು. ಹೆದರಿಕೆಗೆ ಅದು ಇನ್ನಷ್ಟು ವೇಗವಾಯಿತು. ನೋವು ಇಳಿದ ಮೇಲೂ ಉಸಿರು ಇಳಿಯಲಿಲ್ಲ.

ಮೊದಲ ತಪ್ಪು ಇಲ್ಲಿದೆ, ಅದು ಆಕೆಯದಲ್ಲ. ಹೆರಿಗೆಯ ಆರಂಭದ ಹಂತ ಎಷ್ಟು ಉದ್ದ ಇರಬಹುದು ಎಂದು ನಾನು ಒತ್ತಿ ಹೇಳಿರಲಿಲ್ಲ. ಗರ್ಭಕೋಶದ ಬಾಯಿ ಮೆತ್ತಗಾಗಿ, ತೆಳುವಾಗಿ, ನಿಧಾನಕ್ಕೆ ತೆರೆದುಕೊಳ್ಳುವ ಕಾಲ ಅದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ 5 ಸೆಂಟಿಮೀಟರ್ ತೆರೆಯುವ ತನಕ ಈ ಹಂತವೇ. ಇದಕ್ಕೆ ಇಷ್ಟೇ ಗಂಟೆ ಎಂಬ ಲೆಕ್ಕವಿಲ್ಲ, ಒಬ್ಬೊಬ್ಬರಿಗೆ ಒಂದೊಂದು ರೀತಿ ಎಂದೂ ಅದರಲ್ಲೇ ಇದೆ. ಚೊಚ್ಚಲಲ್ಲಿ ಒಂದು ರಾತ್ರಿ, ಒಂದು ಹಗಲು ಹಿಡಿದರೆ ಆಶ್ಚರ್ಯವಿಲ್ಲ. ಅಷ್ಟು ದೂರ ನಡೆಯಬೇಕಾದವರು ಮೊದಲ ಹೆಜ್ಜೆಯಲ್ಲೇ ಓಡಿಬಿಟ್ಟರೆ ಏನಾಗುತ್ತದೆ? ಅದೇ ಆಗಿತ್ತು.

ಫೋನಿನಲ್ಲಿ ನಾನು ಮೊದಲು ಉಸಿರಿನ ಮಾತೇ ಎತ್ತಲಿಲ್ಲ. ನೀರು ಹೋಗಿದೆಯಾ? ರಕ್ತ ಹೋಗ್ತಿದೆಯಾ? ಮಗು ಎಂದಿನಂತೆ ಆಡ್ತಿದೆಯಾ? ತಲೆನೋವು, ಕಣ್ಣು ಮಂಜು ಏನಾದರೂ? ಎದೆನೋವು? ಜ್ವರ? ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಹೊಟ್ಟೆ ಪೂರ್ತಿ ಸಡಿಲ ಆಗುತ್ತಾ? ಎಲ್ಲದಕ್ಕೂ ಸಮಾಧಾನದ ಉತ್ತರ ಬಂತು. ಇವುಗಳಲ್ಲಿ ಒಂದಕ್ಕೆ ಅನುಮಾನದ ಉತ್ತರ ಬಂದಿದ್ದರೂ ಮುಂದಿನ ಮಾತು ಆಸ್ಪತ್ರೆಯಲ್ಲೇ ಆಗಬೇಕಿತ್ತು.

ಆಮೇಲೆ ಫೋನ್ ಆಕೆಯ ಕಿವಿಗೆ ಕೊಡಲು ಹೇಳಿದೆ. "ಈಗ ಉಸಿರು ಎಳೆದುಕೊಳ್ಳೋದರ ಬಗ್ಗೆ ಯೋಚನೆ ಮಾಡಬೇಡಿ. ಅದು ತಾನಾಗೇ ಬರುತ್ತೆ. ಬರೀ ಬಿಡಿ. ಬಿಸಿ ಲೋಟದ ಮೇಲೆ ಮೆಲ್ಲಗೆ ಊದಿದ ಹಾಗೆ. ಪೂರ್ತಿ ಖಾಲಿಯಾಗೋ ತನಕ. ಆಮೇಲೆ ಒಂದು ಕ್ಷಣ ಸುಮ್ನೆ ಇರಿ." ನಾನೂ ಫೋನಿನಲ್ಲೇ ಕೇಳುವ ಹಾಗೆ ಉಸಿರು ಬಿಡುತ್ತಾ ಕೂತೆ. ಹತ್ತು ನಿಮಿಷದಲ್ಲಿ ಬೆರಳಿನ ಜೋಮು ಇಳಿಯಿತು.

ಆ ಜೋಮಿಗೆ ಕಾರಣ ಆಮ್ಲಜನಕದ ಕೊರತೆ ಎಂದು ಎಷ್ಟೋ ಜನ ತಿಳಿದು ಇನ್ನೂ ಜೋರಾಗಿ ಎಳೆಯುತ್ತಾರೆ. ಆಗಿರುವುದು ಬೇರೆ. ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ರಕ್ತದ ಆಮ್ಲ-ಕ್ಷಾರದ ಹದ ತಪ್ಪುತ್ತದೆ. ನರಗಳಿಗೆ ಬೇಕಾದ ಕ್ಯಾಲ್ಸಿಯಂ ಸರಿಯಾಗಿ ಒದಗುವುದಿಲ್ಲ. ಬೆರಳು, ತುಟಿ ಜುಮುಗುಡುತ್ತವೆ, ಕೆಲವರಿಗೆ ಕೈ ಸೆಟೆದುಕೊಳ್ಳುವುದೂ ಉಂಟು. ಬಸುರಿಯರು ಮೊದಲೇ ಸ್ವಲ್ಪ ಹೆಚ್ಚು ಆಳವಾಗಿ ಉಸಿರಾಡುತ್ತಾರೆ, ಹಾರ್ಮೋನಿನಿಂದಾಗಿ. ಬೇರೆಯವರ ರಕ್ತದಲ್ಲಿ ಈ ಅನಿಲದ ಒತ್ತಡ 40 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿದ್ದರೆ ಇವರಲ್ಲಿ 30ರ ಹತ್ತಿರ ಇರುತ್ತದೆ. ಹಾಗಾಗಿ ಅದು ಇನ್ನೂ ಕೆಳಗಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಅತಿಯಾದರೆ ಮಗುವಿಗೆ ಹೋಗುವ ರಕ್ತಕ್ಕೂ ಆಮ್ಲಜನಕಕ್ಕೂ ಅಡ್ಡಿಯಾಗಬಹುದು. ಹಿಂದೆ ಕಾಗದದ ಚೀಲದೊಳಗೆ ಉಸಿರಾಡಿಸುತ್ತಿದ್ದರು. ಅದು ಬೇಡ. ಉಸಿರು ಬಿಡುವುದನ್ನು ನಿಧಾನ ಮಾಡಿದರೆ ಸಾಕು.

ಎರಡೇ ಸೆಂಟಿಮೀಟರ್

ಜೋಮು ಹೋಯಿತು, ಗಾಬರಿ ಹೋಗಲಿಲ್ಲ. ಮೂರು ಗಂಟೆಗೆ ಆಸ್ಪತ್ರೆಗೆ ಹೋದರು. ಹೋದದ್ದು ಸರಿಯೇ. ಅನುಮಾನ ಇದ್ದಾಗ ಹೋಗಿ ತೋರಿಸಿಕೊಳ್ಳುವುದಕ್ಕೆ ಯಾರೂ ನಾಚಬೇಕಿಲ್ಲ. ಮಗುವಿನ ಎದೆಬಡಿತ ಚೆನ್ನಾಗಿತ್ತು. ಒಳಪರೀಕ್ಷೆ ಮಾಡಿದವರು, "ಎರಡೇ ಸೆಂಟಿಮೀಟರ್ ಆಗಿರೋದು, ಮನೆಗೆ ಹೋಗಿ ರೆಸ್ಟ್ ತಗೊಳ್ಳಿ" ಎಂದರು. ಸಲಹೆ ಸರಿಯಾಗಿತ್ತು. ಆದರೆ 'ಎರಡೇ' ಎಂಬುದರಲ್ಲಿದ್ದ ಆ ಒಂದು 'ಏ' ಆಕೆಯನ್ನು ಉರುಳಿಸಿತು. ದಾರಿಯುದ್ದಕ್ಕೂ ಅತ್ತರಂತೆ. "ಒಂಬತ್ತು ಗಂಟೆ ನೋವು ತಿಂದು ಎರಡೇ? ನನಗೆ ಉಸಿರಾಡೋಕ್ಕೂ ಬರಲ್ಲ."

ವಾರ್ಡಿನಲ್ಲಿದ್ದಾಗ ಆ 'ಏ' ನಾನೂ ಎಷ್ಟು ಸಲ ಅಂದಿದ್ದೇನೋ. ಗರ್ಭಕೋಶದ ಬಾಯಿ ಮೆತ್ತಗಾಗಿ ತೆಳುವಾಗುವುದು ದೊಡ್ಡ ಕೆಲಸ. ಸೆಂಟಿಮೀಟರ್ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಬೆಳಿಗ್ಗೆ ಏನೇನು ಮಾಡಿದೆವು

ಏಳು ಗಂಟೆಗೆ ನಾನು ಅವರ ಮನೆಗೆ ಹೋದೆ. ಆಗ ನೋವು ಎಂಟು ನಿಮಿಷಕ್ಕೊಮ್ಮೆ. ಬಾಗಿಲಲ್ಲಿ ನಿಂತು ಒಂದು ನೋವು ಪೂರ್ತಿ ನೋಡಿದೆ. ಆಕೆ ಸೋಫಾದ ಅಂಚು ಹಿಡಿದು ಭುಜ ಕಿವಿಗೆ ತಾಗುವ ಹಾಗೆ ಎತ್ತಿ ಕೂತಿದ್ದರು. ಹಲ್ಲು ಕಚ್ಚಿದ್ದರು. ಪಕ್ಕದಲ್ಲಿ ಗಂಡ ಪ್ರೀತಿಯಿಂದಲೇ, ಆದರೆ ಜೋರಾಗಿ ಎಣಿಸುತ್ತಿದ್ದರು: "ಒಂದು, ಎರಡು, ಮೂರು, ನಾಲ್ಕು, ಈಗ ಬಿಡು, ಬಿಡು." ಆಕೆಯ ಉಸಿರು ಮೂರಕ್ಕೇ ತುಂಬಿತ್ತು. ನಾಲ್ಕಕ್ಕೆ ಕಾಯುತ್ತಾ ಉಸಿರು ಕಟ್ಟಿದರು. ಆರರ ತನಕ ಬಿಡಲು ಆಗಲಿಲ್ಲ. "ಎಣಿಸಬೇಡಿ ರೀ!" ಎಂದು ಕೂಗಿಬಿಟ್ಟರು. ಗಂಡ ಪೆಚ್ಚಾದರು.

ಆಗ ಅರ್ಥವಾಯಿತು. ನಾನು ಕೊಟ್ಟ ಎಣಿಕೆ ಆಕೆಗೆ ಪರೀಕ್ಷೆಯಾಗಿತ್ತು. ಪ್ರತಿ ನೋವಿನಲ್ಲೂ ಆಕೆ ಎರಡು ಸಲ ಸೋಲುತ್ತಿದ್ದರು, ಒಮ್ಮೆ ನೋವಿಗೆ, ಒಮ್ಮೆ ಅಂಕಿಗೆ. ನಾನು ಎಣಿಕೆಯನ್ನು ಅಲ್ಲೇ ಬಿಡಿಸಿದೆ.

ಅದರ ಬದಲು ಹೇಳಿದ್ದು ಮೂರು ಮಾತು. ನೋವು ಶುರುವಾಯಿತು ಅನಿಸಿದ ಕೂಡಲೇ ಮೊದಲು ಉಸಿರು ಹೊರಗೆ ಬಿಡಿ, ಭುಜ ಅದರ ಜೊತೆ ಕೆಳಗೆ ಬೀಳಲಿ. ಬಾಯಿ ಸಡಿಲ ಇರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ದನಿ ಬಂದರೆ ಬರಲಿ. ಈ ಮೂರನೆಯದನ್ನು ಒಪ್ಪಿಸಲು ಹೊತ್ತು ಹಿಡಿಯಿತು. ಕಿರುಚಿಬಿಡುತ್ತೇನೆ ಎಂಬ ಭಯ ಆಕೆಗೆ ಮೊದಲಿನಿಂದ ಇತ್ತಲ್ಲ. ನಾನು ಪಕ್ಕದಲ್ಲಿ ಕೂತು, ಎದೆಯಿಂದ ಬರುವ ದಪ್ಪ ದನಿಯಲ್ಲಿ 'ಹೂಂ…' ಎಂದು ಉಸಿರು ಮುಗಿಯುವ ತನಕ ಎಳೆದು ತೋರಿಸಿದೆ. ಅಮ್ಮ ಕೂಡ ಜೊತೆಗೂಡಿದರು. "ನೀನೂ ನರಳು ಮಗಳೇ, ಯಾರೇನು ಅಂದ್ಕೊಳ್ತಾರೆ" ಎಂದು ಅವರು ಹೇಳಿದ್ದು ನನ್ನ ಎಲ್ಲ ವಿವರಣೆಗಿಂತ ಹೆಚ್ಚು ಕೆಲಸ ಮಾಡಿತು. ದನಿ ಹೊರಬಂದ ಮೊದಲ ನೋವಿನ ಕೊನೆಯಲ್ಲಿ ಆಕೆಯ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು.

ಉಸಿರು ಬಿಡುವುದಕ್ಕೇ ಯಾಕೆ ಇಷ್ಟು ಒತ್ತು? ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಕೆಲಸ ಇದು. ನಾಡಿ ಹಿಡಿದು ಕೂತರೆ ಯಾರಿಗಾದರೂ ಗೊತ್ತಾಗಬಹುದು. ಉದ್ದಕ್ಕೆ ಬಿಟ್ಟಷ್ಟೂ ಮೈ ಶಾಂತವಾಗುವ ಕಡೆಗೆ ವಾಲುತ್ತದೆ. ಹಾಗೆಂದು ಉಸಿರಾಟ ಗರ್ಭಕೋಶದ ಬಾಯಿ ತೆರೆಸುತ್ತದೆ ಎಂದೋ, ನೋವನ್ನು ತೆಗೆದುಹಾಕುತ್ತದೆ ಎಂದೋ ನಾನು ಹೇಳುವುದಿಲ್ಲ.

ಗಂಡನಿಗೆ ಬೇರೆ ಕೆಲಸ ಬೇಕಿತ್ತು. ಎಣಿಕೆ ಕಿತ್ತುಕೊಂಡರೆ ಅವರು ಏನು ಮಾಡಬೇಕು? "ನೀವು ಹೇಳಬೇಡಿ, ನೀವೇ ಉಸಿರಾಡಿ" ಎಂದೆ. ಹೆಂಡತಿಯ ಬೆನ್ನ ಹಿಂದೆ ಕೂತು, ಸೊಂಟದ ಮೇಲೆ ಅಂಗೈ ಒತ್ತಿ, ಆಕೆಗೆ ಕೇಳುವಷ್ಟು ನಿಧಾನಕ್ಕೆ ಉಸಿರು ಬಿಡುವುದು. ಮೊದಲ ಎರಡು ಸಲ ಅವರ ಉಸಿರೇ ಓಡುತ್ತಿತ್ತು. ಅವರಿಗೂ ಹೆದರಿಕೆ ಅಲ್ವಾ? ಮೂರನೆಯ ಸಲಕ್ಕೆ ಅವರ ಉಸಿರು ಹದಕ್ಕೆ ಬಂತು. ಆಕೆಯದು ಅದನ್ನೇ ಹಿಂಬಾಲಿಸಿತು.

ಎಲ್ಲವೂ ಹಿಡಿಸಲಿಲ್ಲ. ಹೂ ಅರಳುವುದನ್ನು ಕಣ್ಣ ಮುಂದೆ ತಂದುಕೊಳ್ಳಿ ಎಂದದ್ದಕ್ಕೆ ಆಕೆ "ಬೇಡ ಮೇಡಂ, ಸಿಟ್ಟು ಬರುತ್ತೆ" ಎಂದರು. ಬಿಟ್ಟೆವು. ಮೆಲುದನಿಯ ಸಂಗೀತವೂ ಬೇಡವಾಯಿತು. ಬಿಸಿನೀರು ಬೆನ್ನ ಮೇಲೆ ಬೀಳುವ ಹಾಗೆ ಸ್ಟೂಲಿನಲ್ಲಿ ಕೂತದ್ದು ತುಂಬ ಹಿತವಾಯಿತು.

ಇನ್ನೊಂದು ತೀರ್ಮಾನ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದು ಎಂದು ನನಗೆ ಅನಿಸುತ್ತದೆ. ಮಾತಾಡುತ್ತಾ ಕಳೆಯಬಹುದಾದ ನೋವಿಗೆ ಉಸಿರಾಟ ಮಾಡುವುದೇ ಬೇಡ ಎಂದೆ. ಫೋನಿನ ಗುರುತು ಹಾಕುವುದನ್ನೂ ನಿಲ್ಲಿಸಿದೆವು. ಏನಾದರೂ ಬದಲಾಯಿತು ಅನಿಸಿದಾಗ ಅರ್ಧ ಗಂಟೆ ನೋಡಿದರೆ ಸಾಕು. ಕರ್ಟನ್ ಎಳೆದು, ಎಡಕ್ಕೆ ಮಗ್ಗುಲಾಗಿಸಿ, ಮಂಡಿಗಳ ನಡುವೆ ದಿಂಬು ಇಟ್ಟು ಮಲಗಿಸಿದೆವು. ಜೋರಾದ ನೋವು ಬಂದಾಗ ಮಲಗಿದ್ದಲ್ಲೇ ಒಂದು ಉದ್ದ ಉಸಿರು ಬಿಟ್ಟು, 'ಹೂಂ' ಎಂದು, ಮತ್ತೆ ಕಣ್ಣು ಮುಚ್ಚುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ನಲವತ್ತು ನಿಮಿಷ ನಿದ್ದೆಯೇ ಬಂದುಬಿಟ್ಟಿತು.

ಎದ್ದವರೇ ಗಾಬರಿಯಾದರು. "ನೋವು ನಿಂತೇ ಹೋಯ್ತಾ? ನಾನು ಮಲಗಬಾರದಿತ್ತಾ?" ಈ ಹಂತದಲ್ಲಿ ನೋವು ದೂರ ದೂರ ಆಗುವುದು, ಮತ್ತೆ ಹತ್ತಿರ ಬರುವುದು ಇದ್ದದ್ದೇ. ಮಗು ಆಡುತ್ತಿದೆಯಾ ಎಂದು ಕೈ ಇಟ್ಟು ನೋಡಿದರು. ಆಡುತ್ತಿತ್ತು. ನಿದ್ದೆ ಕೆಟ್ಟದ್ದೇನೂ ಮಾಡಿರಲಿಲ್ಲ. ಸಂಜೆಯ ತನಕ ಆಕೆಯನ್ನು ಹೊತ್ತು ನಡೆದದ್ದು ಆ ನಲವತ್ತು ನಿಮಿಷವೇ.

ಶಾಂತವಾಗಿದ್ದಾಗಲೇ ಬಂದ ಕಷ್ಟದ ತೀರ್ಮಾನ

ಮಧ್ಯಾಹ್ನ ಎರಡೂವರೆಗೆ ಆಕೆ ನಾನು ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ನಿಲ್ಲಿಸಿದರು. ನೋವಿನ ನಡುವಿನ ಬಿಡುವಿನಲ್ಲೂ ಮಾತಿಲ್ಲ. 'ಹೂಂ' ಇನ್ನೂ ಆಳಕ್ಕೆ ಇಳಿದಿತ್ತು. ಗಡಿಯಾರ ನೋಡಿದೆವು. ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ. ಹೀಗೆ ಒಂದು ಗಂಟೆ ನಡೆದರೆ ಹೊರಡುವುದು ಎಂದು ಮೊದಲೇ ಮಾತಾಗಿತ್ತು.

ಆ ಗಂಟೆ ತುಂಬಲಿಲ್ಲ. ಮೂರು ಗಂಟೆ ಹತ್ತು ನಿಮಿಷಕ್ಕೆ ನೀರು ಹೋಯಿತು. ಪ್ಯಾಡ್ ನೋಡಿದೆ. ತಿಳಿಯಾಗಿರಲಿಲ್ಲ. ನಸುಹಸಿರು.

ಗಂಡ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಎಷ್ಟು ಚೆನ್ನಾಗಿ ಉಸಿರಾಡ್ತಾ ಇದಾಳೆ ಮೇಡಂ. ಈಗ ಹೊರಟರೆ ಮತ್ತೆ ಕೆಡುತ್ತೆ. ಒಂದು ಗಂಟೆ ನೋಡೋಣ್ವಾ?" ರಾತ್ರಿಯ ಪಾಡು ಕಂಡವರಿಗೆ ಹಾಗನಿಸುವುದು ಸಹಜ. ಇಡೀ ದಿನ ನಾವೇ ಕಷ್ಟಪಟ್ಟು ತಂದ ಶಾಂತಿ ಅದು.

ನಾನು "ಈಗಲೇ ಹೊರಡಿ" ಎಂದೆ, ಆಸ್ಪತ್ರೆಗೆ ಫೋನ್ ಮಾಡಿ ನೀರಿನ ಬಣ್ಣ ಹೇಳಿದೆ. ಮಗು ಒಳಗೇ ಮಲ ಮಾಡಿಕೊಂಡರೆ ನೀರು ಹಸಿರಾಗುತ್ತದೆ. ದಿನ ತುಂಬಿದ ಮಕ್ಕಳಲ್ಲಿ ಇದು ಅಪರೂಪವೇನಲ್ಲ, ಬಹಳ ಸಲ ಮಗು ಚೆನ್ನಾಗಿಯೇ ಇರುತ್ತದೆ. ಆದರೆ ಕೆಲವು ಸಲ ಅದು ಮಗು ಕಷ್ಟದಲ್ಲಿದೆ ಎಂಬುದರ ಗುರುತು. ಯಾವುದು ಎಂದು ತಿಳಿಯಲು ಎದೆಬಡಿತ ನೋಡಲೇಬೇಕು, ಮನೆಯಲ್ಲಿ ಅದು ಆಗದು. ತಾಯಿ ಎಷ್ಟು ಶಾಂತವಾಗಿದ್ದಾಳೆ ಎಂಬುದರಿಂದ ಮಗು ಹೇಗಿದೆ ಎಂದು ಹೇಳಲು ಬರುವುದಿಲ್ಲ. ಉಸಿರಾಟ ಕಲಿಸುವ ನಾವು ಇದನ್ನು ಉಸಿರಾಟಕ್ಕಿಂತ ಮೊದಲು ಕಲಿಸಬೇಕು.

ಕಾರಿನಲ್ಲಿ ಆರು ನೋವು ಬಂದವು. ಗಂಡ ಹಿಂದಿನ ಸೀಟಿನಲ್ಲಿ ಕೂತು ಉಸಿರು ಬಿಡುತ್ತಲೇ ಇದ್ದರು. ಆಸ್ಪತ್ರೆ ತಲುಪಿದಾಗ 6 ಸೆಂಟಿಮೀಟರ್. ಮಗುವಿನ ಎದೆಬಡಿತವನ್ನು ಮಾನಿಟರಿನಲ್ಲಿ ಬಿಡದೆ ನೋಡುತ್ತಿದ್ದರು. ಚೆನ್ನಾಗಿಯೇ ಇತ್ತು.

ಸಂಜೆ ಆರಕ್ಕೆ ಆಕೆ ಎಪಿಡ್ಯೂರಲ್, ಅಂದರೆ ಬೆನ್ನಿಗೆ ಸೂಜಿ ಹಾಕಿ ಕೊಡುವ ನೋವಿನ ಮದ್ದು, ಕೇಳಿದರು. ನೋವು ಶುರುವಾಗಿ ಸರಿಯಾಗಿ ಇಪ್ಪತ್ತನಾಲ್ಕು ಗಂಟೆ. ಅಮ್ಮನಿಗೆ ಸ್ವಲ್ಪ ಬೇಸರವಾಯಿತು. "ಇಷ್ಟು ಹೊತ್ತು ಉಸಿರಲ್ಲೇ ತಡೆದೆಯಲ್ಲೇ" ಎಂದರು. ಆಕೆ ನನ್ನ ಮುಖ ನೋಡಿದರು. "ಬೇಕು ಅನಿಸಿದರೆ ಬೇಕು" ಎಂದೆ. ನಾನು ಮೇಲೆ ಹೇಳಿದ ಮಾರ್ಗಸೂಚಿಯಲ್ಲಿ ನೋವು ಕಡಿಮೆ ಮಾಡಿಕೊಳ್ಳಲು ಬಯಸುವ ಆರೋಗ್ಯವಂತ ತಾಯಂದಿರಿಗೆ ಉಸಿರಾಟವನ್ನೂ ಹೇಳಿದ್ದಾರೆ, ಎಪಿಡ್ಯೂರಲನ್ನೂ ಹೇಳಿದ್ದಾರೆ. ಒಂದನ್ನು ಆರಿಸಿಕೊಂಡರೆ ಇನ್ನೊಂದಕ್ಕೆ ದ್ರೋಹ ಬಗೆದ ಹಾಗಲ್ಲ. ಸೂಜಿ ಹಾಕುವಾಗ ಬೆನ್ನು ಬಾಗಿಸಿ ಅಲುಗಾಡದೆ ಕೂರಬೇಕಲ್ಲ, ನಡುವೆ ಒಂದು ಜೋರಾದ ನೋವು ಬಂತು. ಆಕೆ ದಿಂಬು ತಬ್ಬಿಕೊಂಡು, ಒಂದೇ ಒಂದು ಉದ್ದ 'ಹೂಂ…'ನಲ್ಲಿ ಅದನ್ನು ಕಳೆದರು. ಮೈ ಕದಲಲಿಲ್ಲ. ಇಡೀ ದಿನದಲ್ಲಿ ಆಕೆ ಮಾಡಿದ ಅತ್ಯಂತ ಒಳ್ಳೆಯ ಉಸಿರಾಟ ಅದೇ ಎಂದು ನನ್ನ ಎಣಿಕೆ.

ರಾತ್ರಿ ಹತ್ತರ ಸುಮಾರಿಗೆ ಸಹಜ ಹೆರಿಗೆಯಾಯಿತು. ಮಗು ಹುಟ್ಟಿದ ಕೂಡಲೇ ಅತ್ತಿತು.

ಆಮೇಲೆ

ಮೂರು ವಾರದ ನಂತರ ಮಾತಾಡಿದೆವು. "ಉಸಿರಾಟದಿಂದ ನೋವು ಕಡಿಮೆ ಆಯ್ತಾ?" ಎಂದು ನೇರವಾಗಿ ಕೇಳಿದೆ. ಆಕೆ ಸ್ವಲ್ಪ ಯೋಚಿಸಿದರು. "ಇಲ್ಲ ಮೇಡಂ. ನೋವು ಅಷ್ಟೇ ಇತ್ತು. ಆದರೆ ರಾತ್ರಿ ನಾನು ಒಂದು ನೋವು ಹೋದ ಕೂಡಲೇ ಮುಂದಿನದಕ್ಕೆ ಹೆದರ್ತಾ ಕೂತಿರ್ತಿದ್ದೆ. ಬೆಳಿಗ್ಗೆಯಿಂದ ಆ ನಡುವಿನ ಹೊತ್ತು ನನಗೆ ಸಿಕ್ಕಿತು." ಗಂಡ ಹೇಳಿದ್ದು ಬೇರೆ: "ಎಣಿಸೋದು ಬಿಟ್ಟ ಮೇಲೇ ನಾನೂ ಉಸಿರಾಡಿದ್ದು."

ತರಗತಿಯಲ್ಲಿ ನಾನು ಮಾಡಿದ ಬದಲಾವಣೆ ಇಷ್ಟು. ಉಸಿರಾಟಕ್ಕೆ ಈಗ ಪ್ರತಿ ವಾರ ಸಮಯ ಇದೆ, ಜೊತೆಗಿರುವವರೂ ಬರಬೇಕು. ಚಾಪೆ ಮೇಲೆ ಮಲಗಿ ಕಲಿತದ್ದು ನಿಂತಾಗ ನೆನಪಿಗೆ ಬರುವುದಿಲ್ಲ. ಅದಕ್ಕೇ ನಡೆಯುತ್ತಾ, ಗೋಡೆಗೆ ಒರಗಿ, ಮಂಡಿಯೂರಿ ಮಾಡಿಸುತ್ತೇನೆ. ಐಸ್ ನೀರಿನಲ್ಲಿ ಒಂದು ನಿಮಿಷ ಕೈ ಇಟ್ಟು ಉಸಿರು ಬಿಡುವುದನ್ನು ಎಲ್ಲರಿಂದ, ಗಂಡಂದಿರಿಂದಲೂ ಮಾಡಿಸುತ್ತೇನೆ. ಹೆರಿಗೆಯ ನೋವಿಗೆ ಅದು ಸಾಟಿಯಲ್ಲ. ಆದರೆ ಕಷ್ಟ ಬಂದಾಗ ತಮ್ಮ ಉಸಿರು ಎಲ್ಲಿ ಕಟ್ಟುತ್ತದೆ ಎಂಬುದು ಒಬ್ಬೊಬ್ಬರಿಗೂ ಗೊತ್ತಾಗುತ್ತದೆ. ನರಳುವುದನ್ನೂ ಅಭ್ಯಾಸ ಮಾಡಿಸುತ್ತೇನೆ. ಮೊದಲ ವಾರ ಎಲ್ಲರೂ ನಾಚುತ್ತಾರೆ.

ಹಾಳೆಯನ್ನೂ ಹೊಸದಾಗಿ ಅಚ್ಚು ಹಾಕಿಸಿದೆ. 4-6 ತೆಗೆದೆ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಅಂದು ರಾತ್ರಿ ಫೋನಿನಲ್ಲಿ ಕೇಳಿದ ಪ್ರಶ್ನೆಗಳಿವೆ: ನೀರು, ಅದರ ಬಣ್ಣ, ರಕ್ತ, ಮಗುವಿನ ಆಟ, ತಲೆನೋವು, ಕಣ್ಣು ಮಂಜು, ಎದೆನೋವು, ಜ್ವರ, ಬಿಡುವೇ ಇಲ್ಲದ ನೋವು. 37 ವಾರಕ್ಕೆ ಮೊದಲೇ ನೋವು ಬಂದರೆ ಎಂಬುದನ್ನೂ ಸೇರಿಸಿದ್ದೇನೆ. ಅದರ ಪಕ್ಕದಲ್ಲಿ ಒಂದು ಖಾಲಿ ಗೆರೆ. ತರಗತಿಯ ಮೊದಲ ದಿನವೇ ಪ್ರತಿಯೊಬ್ಬರೂ ತಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿನ ಫೋನ್ ನಂಬರನ್ನು ಅಲ್ಲಿ ಕೈಯಾರೆ ಬರೆಯಬೇಕು. ಬರೆದ ಮೇಲೆಯೇ ಉಸಿರಾಟ ಶುರು ಮಾಡುತ್ತೇನೆ.